ಕಡಿದಾದ ಹಿಮದಲ್ಲಿ ಬಿದ್ದರೆ ಮೊದಲ ಕ್ಷಣಗಳೇ ನಿರ್ಣಾಯಕ

ಅಮೆರಿಕದ ಸ್ಕೀಯಿಂಗ್ ಪಟು ಏಂಜೆಲ್ ಕಾಲಿನ್ಸನ್ 2015ರಲ್ಲಿ ಅಲಾಸ್ಕಾದ ಪರ್ವತವೊಂದರಲ್ಲಿ ಚಿತ್ರೀಕರಣದ ವೇಳೆ ಆಯತಪ್ಪಿ ಸುಮಾರು 1,000 ಅಡಿ ಕೆಳಕ್ಕೆ ಉರುಳಿದರು. ಅಚ್ಚರಿಯೆಂಬಂತೆ ಗಂಭೀರ ಗಾಯಗಳಿಲ್ಲದೆ ಪಾರಾದರು. ಆದರೆ ನಡುವೆ ಎಲ್ಲಿಯೂ ಅವರಿಗೆ ನಿಲ್ಲಲು ಏಕೆ ಸಾಧ್ಯವಾಗಲಿಲ್ಲ?

40 ಡಿಗ್ರಿ ಇಳಿಜಾರಿನಲ್ಲಿ ಜಾರುವ ದೇಹವು, ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಮೂರೇ ಸೆಕೆಂಡುಗಳಲ್ಲಿ ಗಂಟೆಗೆ 68 ಕಿ.ಮೀ. ವೇಗ ಪಡೆಯುತ್ತದೆ. ಗಟ್ಟಿ ಹಿಮದ ಮೇಲೆ ನುಣುಪಾದ ಉಡುಪು ಒಡ್ಡುವ ತಡೆ ತೀರಾ ಕಡಿಮೆ. ಆದ್ದರಿಂದ ವೇಗ ಏರುವ ಮುನ್ನವೇ ನಿಲ್ಲಬೇಕು. ಅನಂತರದ ಪ್ರಯತ್ನ ಬಹುತೇಕ ವ್ಯರ್ಥ.

ಸ್ಕೀಗಳು ಕಾಲಿನಲ್ಲೇ ಉಳಿದಿದ್ದರೆ ಅವನ್ನು ದೇಹಕ್ಕಿಂತ ಕೆಳಗೆ, ಇಳಿಜಾರಿಗೆ ಅಡ್ಡಲಾಗಿ ತಂದು ಅಂಚುಗಳನ್ನು ಹಿಮಕ್ಕೆ ಊರಬೇಕು. ಕಳಚಿಹೋಗಿದ್ದರೆ ಪಾದಗಳನ್ನು ಕೆಳಮುಖವಾಗಿಸಿ, ಬೋರಲಾಗಿ ಮಗುಚಿ, ಅಂಗೈ ಹಾಗೂ ಬೂಟಿನ ತುದಿಗಳನ್ನು ಒತ್ತಿ ಸೊಂಟವನ್ನು ಮೇಲೆತ್ತಬೇಕು. ಆಗ ಭಾರವೆಲ್ಲ ಆ ನಾಲ್ಕು ಬಿಂದುಗಳ ಮೇಲೆ ಬಿದ್ದು ಹಿಮ ಹಿಡಿತ ನೀಡುತ್ತದೆ. ಬೀಳುವಾಗ ಇದನ್ನು ಯೋಚಿಸಲು ಸಮಯವಿರದು. ಕೆಳಗೆ ಬಂಡೆ, ಪ್ರಪಾತಗಳಿಲ್ಲದ ಸುರಕ್ಷಿತ ಇಳಿಜಾರಿನಲ್ಲಿ ಮೊದಲೇ ಅಭ್ಯಾಸ ಮಾಡಿರಬೇಕು.

ವಿಚಿತ್ರವೆಂದರೆ, ಒಮ್ಮೆ ಬಿದ್ದವರಲ್ಲಿ ಉಳಿಯುವ ಭಯವೇ ಮತ್ತೊಂದು ಪತನಕ್ಕೆ ದಾರಿಯಾಗಬಲ್ಲದು. ಹೆದರಿದವರು ಸಹಜವಾಗಿ ಬೆಟ್ಟದತ್ತ ವಾಲುತ್ತಾರೆ. ಇದರಿಂದ ಕೆಳಗಿನ ಸ್ಕೀಯ ಮೇಲಿನ ಭಾರ ತಗ್ಗಿ ಅಂಚು ಹಿಡಿತ ಕಳೆದುಕೊಳ್ಳುತ್ತದೆ. ಎದೆಯನ್ನು ಕಣಿವೆಯತ್ತ ತಿರುಗಿಸಿ ನಿಲ್ಲುವುದು ಮನಸ್ಸಿಗೆ ಒಗ್ಗದಿದ್ದರೂ ಅದೇ ಸುರಕ್ಷಿತ ಭಂಗಿ. ಸೌಮ್ಯ ಇಳಿಜಾರಿನಲ್ಲಿ ಈ ಭಂಗಿ ಮರಳಿ ರೂಢಿಯಾದ ಬಳಿಕವೇ ಕಡಿದಾದ ತಾಣಕ್ಕೆ ಏರುವುದು ಉಚಿತ. ತಲೆಗೆ ಪೆಟ್ಟಾದ ಶಂಕೆಯಿದ್ದರೆ ಅಂದು ಮತ್ತೆ ಸ್ಕೀಯಿಂಗ್‌ಗೆ ಇಳಿಯದೆ ವೈದ್ಯರನ್ನು ಕಾಣಬೇಕು.