ಜೀಪಿನ ಟಕ್ ಟಕ್ ಸದ್ದು, ಮೇಸ್ತ್ರಿಯ ಮೂರು ಪ್ರಶ್ನೆ

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಪ್ಪ ವಾಟ್ಸ್‌ಆ್ಯಪ್‌ನಲ್ಲಿ 15 ಸೆಕೆಂಡಿನ ಆಡಿಯೊ ಕಳಿಸಿದ್ರು. ಅದರಲ್ಲಿ ಮಾತಿರಲಿಲ್ಲ. ಜೀಪಿನ ಎಂಜಿನ್ ಸದ್ದು, ಅದರ ನಡುವೆ ಸುತ್ತಿಗೆಯಿಂದ ಕಬ್ಬಿಣ ಕುಟ್ಟಿದ ಹಾಗೆ ಟಕ್ ಟಕ್ ಟಕ್. ಹಿಂದೆಯೇ ಫೋನ್ ಬಂತು. ‘ಕೇಳಿದ್ಯನಾ? ಪೇಟೆ ಗ್ಯಾರೇಜಿನವ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸ್ಬೇಕು ಅಂತಿದಾನೆ. ಎಂತ ಮಾಡೋದು ಮಾರಾಯ?’

ನಮ್ಮೂರು ತೀರ್ಥಹಳ್ಳಿ ಕಡೆ. ಡಾಂಬರು ರಸ್ತೆ ಬಿಟ್ಟ ಮೇಲೆ ಮನೆಗೆ 2 ಕಿ.ಮೀ. ಮಣ್ಣಿನ ಏರುದಾರಿ. ಮಳೆಗಾಲದಲ್ಲಿ ಅಲ್ಲಿಗೆ ಆಟೊ ಬರಲ್ಲ, ಆ್ಯಂಬುಲೆನ್ಸೂ ಬರಲ್ಲ. ಫೋರ್ ವೀಲ್ ಹಾಕಿದ ಜೀಪು ಮಾತ್ರ ಹತ್ತುತ್ತೆ. ಎರಡು ವರ್ಷದ ಹಿಂದೆ ಅಮ್ಮನಿಗೆ ನಡುರಾತ್ರಿ ಉಸಿರು ಕಟ್ಟಿದಾಗ ಆಸ್ಪತ್ರೆ ಮುಟ್ಟಿಸಿದ್ದೂ ಇದೇ ಜೀಪು. 1990ರ ದಶಕದ ಗಾಡಿ, ಹಳೇ ಕಾಲದ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್.

‘ಮಾರಿಬಿಡಿ ಅಪ್ಪ’ ಅಂದೆ. ನಿಜ ಹೇಳಬೇಕಂದ್ರೆ ಅದರಲ್ಲಿ ನನ್ನ ಸ್ವಾರ್ಥವೂ ಇತ್ತು. ಅಪ್ಪ–ಅಮ್ಮ ಬೆಂಗಳೂರಿಗೆ ಬಂದು ನಮ್ಮ ಜೊತೆ ಇರಲಿ ಅಂತ ಎಷ್ಟೋ ವರ್ಷದಿಂದ ಹೇಳ್ತಾ ಇದ್ದೆ. ಜೀಪಿಲ್ಲದೆ ಆ ಮನೆಯಲ್ಲಿ ಮಳೆಗಾಲ ಕಳೆಯೋಕಾಗಲ್ಲ ಅನ್ನೋದು ನನಗೂ ಗೊತ್ತು, ಅವರಿಗೂ ಗೊತ್ತು. ಅಪ್ಪ ಜಗಳವಾಡಲಿಲ್ಲ. ‘ಸರಿ, ನೋಡೋಣ’ ಅಂದು ಫೋನ್ ಇಟ್ರು. ಆ ದನಿ ವಾರವೆಲ್ಲ ಕಾಡಿತು. ಆಫೀಸಿನ ಗ್ರೂಪಿಗೆ ಆಡಿಯೊ ಹಾಕಿದರೆ ಒಬ್ಬ ಟ್ಯಾಪೆಟ್ ಅಂದ, ಇನ್ನೊಬ್ಬ ಪಿಸ್ಟನ್ ಅಂದ, ಮತ್ತೊಬ್ಬ ಗುಜರಿಗೆ ಹಾಕು ಅಂದ. ಶುಕ್ರವಾರ ರಾತ್ರಿ ಊರಿನ ಬಸ್ ಹತ್ತಿದೆ.

ಬಾನೆಟ್ ತೆಗೆಯೋ ಮೊದಲು

ಗ್ಯಾರೇಜು ಮುಚ್ಚಿ ಮನೆಯಲ್ಲೇ ಇರುವ ಹಳೆಯ ಮೇಸ್ತ್ರಿಯೊಬ್ಬರನ್ನು ಅಪ್ಪ ಕರೆಸಿದ್ದರು. ಆಡಿಯೊ ಕೇಳಿಸಲು ಹೋದರೆ ಕೈ ಅಡ್ಡ ಹಿಡಿದರು. ‘ಫೋನಲ್ಲಿ ದಪ್ಪ ಸದ್ದು ಸರಿಯಾಗಿ ಕೇಳ್ಸಲ್ಲ ತಮ್ಮಾ. ಗಾಡಿ ಇಲ್ಲೇ ಇದ್ಯಲ್ಲ.’

ಬಾನೆಟ್ ಮುಟ್ಟುವ ಮೊದಲು ಅವರು ಕೇಳಿದ್ದು ಮೂರೇ ಪ್ರಶ್ನೆ. ಸದ್ದು ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಾಗಲೂ ಬರುತ್ತೋ, ಓಡುವಾಗ ಮಾತ್ರವೋ? ಶುರುವಾಗೋ ಮೊದಲು ಗಾಡಿಗೆ ಏನು ಮಾಡಿದ್ರಿ?

‘ಯಾವಾಗ್ಲೂ ಬರುತ್ತೆ. ನಿಂತಾಗ್ಲೂ ಬರುತ್ತೆ’ ಅಂದ್ರು ಅಪ್ಪ. ಮೂರನೆಯದಕ್ಕೆ ಸ್ವಲ್ಪ ಯೋಚಿಸಿ, ‘ಟಿಲ್ಲರಿಗೆ ಅಂತ ಕ್ಯಾನಿನಲ್ಲಿಟ್ಟ ಡೀಸೆಲ್ ಉಳಿದಿತ್ತು, ಅದನ್ನ ಹಾಕಿದ್ದೆ’ ಅಂದರು. ಮೇಸ್ತ್ರಿ ತಲೆಯಾಡಿಸಿದರು, ಏನೂ ಹೇಳಲಿಲ್ಲ.

ಒಂದೊಂದೇ ಅನುಮಾನ ಕಳೆಯುತ್ತಾ

ಆಮೇಲೆ ನಡೆದದ್ದು ನನಗೆ ಪರಿಚಯದ ಕೆಲಸವೇ. ಸಾಫ್ಟ್‌ವೇರಿನಲ್ಲಿ ನಾವು ಬಗ್ ಹುಡುಕುವಾಗಲೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡ್ತೀವಿ.

ಗಾಡಿ ನಿಲ್ಲಿಸಿಕೊಂಡೇ ಆಕ್ಸಿಲರೇಟರ್ ಕೊಟ್ಟರು. ಸದ್ದೂ ಜೊತೆಗೇ ಜೋರಾಯಿತು. ಹಾಗಾಗಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಚಕ್ರದ ಬೇರಿಂಗ್ ಲೆಕ್ಕದಿಂದ ಹೊರಗೆ. ಅವು ಗಾಡಿ ಓಡಿದರೆ ತಾನೇ ಸದ್ದು ಮಾಡೋದು? ಮುಂದೆ ಕ್ಲಚ್. ಒತ್ತಿದಾಗ ಸದ್ದು ಶುರುವಾದರೆ ರಿಲೀಸ್ ಬೇರಿಂಗ್ ಮೇಲೆ, ನಿಂತರೆ ಗೇರ್ ಬಾಕ್ಸಿನ ಬೇರಿಂಗ್ ಮೇಲೆ ಅನುಮಾನ. ನಮ್ಮದು ಬದಲಾಗಲಿಲ್ಲ. ಎಂಜಿನ್ ಆಫ್ ಮಾಡಿ ಫ್ಯಾನ್ ಬೆಲ್ಟ್ ಬಿಚ್ಚಿ, ಒಂದೇ ನಿಮಿಷ ಮತ್ತೆ ಓಡಿಸಿದರು. ಬೆಲ್ಟ್ ಇಲ್ಲದಿದ್ದರೆ ವಾಟರ್ ಪಂಪ್ ತಿರುಗಲ್ಲ, ಎಂಜಿನ್ ಕಾಯುತ್ತೆ, ಅದಕ್ಕೇ ಒಂದೇ ನಿಮಿಷ. ಸದ್ದು ಹಾಗೇ ಇತ್ತು. ಅಂದರೆ ವಾಟರ್ ಪಂಪ್, ಡೈನಮೊ ಎರಡೂ ನಿರಪರಾಧಿಗಳು.

ಆಮೇಲೆ ಆಯಿಲ್. ಡಿಪ್‌ಸ್ಟಿಕ್ ಸರಿಯಿತ್ತು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಆಯಿಲ್ ಪ್ರೆಶರ್ ಮುಳ್ಳು ಕೆಳಗಿಳಿಯಲಿಲ್ಲ. ‘ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದ್ರೆ ಸಂದಿಯಿಂದ ಆಯಿಲ್ ಸೋರಿ ಪ್ರೆಶರ್ ಬೀಳ್ತದೆ. ಸದ್ದೂ ಇಷ್ಟು ಚೂಪಾಗಿರಲ್ಲ, ಡಬ್ ಡಬ್ ಅಂತ ಒಳಗಿಂದ ಬರ್ತದೆ’ ಅಂದರು.

ಮೂರನೇ ನಟ್ಟು

ಉಳಿದದ್ದು ಮೇಲ್ಭಾಗ. ಮೇಸ್ತ್ರಿ ಹೆಗಲ ಮೇಲಿನ ಟವೆಲ್ ತೆಗೆದಿಟ್ಟು, ಫ್ಯಾನಿನಿಂದ ದೂರ ನಿಂತು, ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಹಿಡಿದರು. ಡಾಕ್ಟರ ಸ್ಟೆತಸ್ಕೋಪಿನ ಹಾಗೆ. ಮೂರನೇ ಸಿಲಿಂಡರ್ ಹತ್ತಿರ ಬಂದಾಗ ಹುಬ್ಬು ಏರಿತು. ನನ್ನ ಕೈಗೂ ಕೊಟ್ಟರು. ಅಷ್ಟೊಂದು ಗದ್ದಲದ ನಡುವೆ ಆ ಟಕ್ ಟಕ್ ಮಾತ್ರ ಬೇರೆಯಾಗಿ ತಲೆಯೊಳಗೇ ಬಡಿದಂತಾಯಿತು.

ಎಂಜಿನ್ ಐಡಲ್‌ನಲ್ಲಿರುವಾಗಲೇ ಇಂಜೆಕ್ಟರ್ ಪೈಪುಗಳ ನಟ್ಟಿಗೆ ಬಟ್ಟೆ ಸುತ್ತಿ, ಒಂದೊಂದನ್ನೇ ಸ್ವಲ್ಪ ಸಡಿಲಿಸಿದರು. ಆಗ ಆ ಸಿಲಿಂಡರಿಗೆ ಡೀಸೆಲ್ ಹೋಗಲ್ಲ, ಉರಿಯೂ ಇಲ್ಲ. ಒಂದು, ಎರಡು, ಏನೂ ಬದಲಾಗಲಿಲ್ಲ. ಮೂರನೆಯದು ಸಡಿಲಿಸಿದ್ದೇ ತಡ, ಟಕ್ ಟಕ್ ನಿಂತುಹೋಯಿತು!

ಅಪ್ಪನ ಮುಖ ಅರಳಿತು. ಮೇಸ್ತ್ರಿ ಮಾತ್ರ, ‘ತಡೀರಿ ಗೌಡ್ರೆ’ ಅಂದರು. ಬೇರಿಂಗ್ ಹೋಗಿದ್ದರೂ ಆ ಸಿಲಿಂಡರಿನ ಉರಿ ನಿಲ್ಲಿಸಿದಾಗ ಸದ್ದು ಕಡಿಮೆಯಾಗುತ್ತಂತೆ. ಎಂಜಿನ್ ಆಫ್ ಮಾಡಿ, ಮೂರನೇ ಇಂಜೆಕ್ಟರನ್ನು ಒಂದನೇ ಸಿಲಿಂಡರಿಗೂ ಒಂದನೆಯದನ್ನು ಮೂರಕ್ಕೂ ಹೊಸ ವಾಷರ್ ಹಾಕಿ ಕೂರಿಸಿದರು. ಸ್ಟಾರ್ಟ್ ಮಾಡಿ ಮತ್ತೆ ನಟ್ಟು ಸಡಿಲಿಸಿ ನೋಡಿದರೆ ಸದ್ದು ಒಂದನೇ ಸಿಲಿಂಡರಿಗೆ ಬಂದಿತ್ತು. ಇಂಜೆಕ್ಟರ್ ಜೊತೆ ಸದ್ದೂ ಹೋಯಿತು ಅಂದಮೇಲೆ ರೋಗ ಇಂಜೆಕ್ಟರಿನದ್ದೇ.

ಸೋಮವಾರ ರಜೆ ಹಾಕಿ ನಾಲ್ಕೂ ಇಂಜೆಕ್ಟರ್‌ಗಳನ್ನು ಶಿವಮೊಗ್ಗದ ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಒಯ್ದೆ. ಟೆಸ್ಟರಿಗೆ ಹಾಕಿದಾಗ ಮೂರು ಮಂಜಿನಂತೆ ಚಿಮ್ಮಿದವು. ಒಂದು ಮಾತ್ರ ತೊಟ್ಟಿಕ್ಕಿತು. ಕ್ಯಾನಿನ ಡೀಸೆಲ್‌ನಲ್ಲಿದ್ದ ನೀರು, ಕಸ ನಾಝಲ್ಲಿನ ಸೂಜಿಯನ್ನು ಹಿಡಿದುಬಿಟ್ಟಿತ್ತು. ತೊಟ್ಟಿಕ್ಕಿದ ಡೀಸೆಲ್ ಹದವಾಗಿ ಉರಿಯದೆ ಒಮ್ಮೆಲೇ ಸಿಡಿದಾಗ ಬರುವುದೇ ಆ ಸದ್ದು. ನಾಝಲ್ ಬದಲಾಯಿತು, ಟ್ಯಾಂಕ್ ತೊಳೆದು ಹೊಸ ಫಿಲ್ಟರ್ ಹಾಕಿದ್ದಾಯಿತು. ಎಂಜಿನ್ ಇಳಿಸಲು ಹೇಳಿದ್ದ ಹಣದಲ್ಲಿ ಹತ್ತನೇ ಒಂದು ಪಾಲೂ ಖರ್ಚಾಗಲಿಲ್ಲ.

ನಿಮ್ಮ ಹಳೇ ಗಾಡಿ ಸದ್ದು ಮಾಡಿದರೆ

• ಚಿಕ್ ಚಿಕ್ ಅಂತ ಮೇಲಿನಿಂದ ಸಣ್ಣ ಸದ್ದು: ಟ್ಯಾಪೆಟ್ ಸಂದಿ ಹೆಚ್ಚಾಗಿರಬಹುದು. ಫೀಲರ್ ಗೇಜ್ ಹಾಕಿ ಹೊಂದಿಸಿದರೆ ಸಾಕು.

• ತಣ್ಣಗಿದ್ದಾಗ ಚಟ್ ಚಟ್, ಬಿಸಿಯಾದ ಮೇಲೆ ಕಡಿಮೆ: ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರುತ್ತಿರಬಹುದು. ಸುತ್ತ ಕಪ್ಪು ಮಸಿ ಇದೆಯಾ ನೋಡಿ.

• ಚೂಪಾದ ಟಕ್ ಟಕ್, ಜೊತೆಗೆ ಕಪ್ಪು ಹೊಗೆ: ಮೊದಲು ಇಂಜೆಕ್ಟರ್ ಪರೀಕ್ಷಿಸಿ.

• ಡಬ್ ಡಬ್ ಸದ್ದು, ಜೊತೆಗೆ ಆಯಿಲ್ ದೀಪ: ಅಲ್ಲೇ ಆಫ್ ಮಾಡಿ. ‘ಮನೆ ಹತ್ರಾನೇ ಇದೆ’ ಅಂತ ಓಡಿಸಬೇಡಿ. ನಮ್ಮ ಚಿಕ್ಕಪ್ಪ ಹಾಗೆ 4 ಕಿ.ಮೀ. ಓಡಿಸಿದ್ದರು. ರಾಡು ಮುರಿದು ಎಂಜಿನ್ ಬ್ಲಾಕೇ ತೂತಾಯಿತು.

• ನಟ್ಟು ಸಡಿಲಿಸುವ ಪರೀಕ್ಷೆ ಹಳೇ ಎಂಜಿನ್ನಿಗೆ ಮಾತ್ರ, ಅದೂ ಬಲ್ಲವರ ಕೈಯಲ್ಲಿ. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಡೀಸೆಲ್ ಒತ್ತಡ 1,000 ಬಾರ್ ದಾಟುತ್ತದೆ. ಚಿಮ್ಮಿದರೆ ಚರ್ಮವನ್ನೇ ತೂರಿಕೊಂಡು ಹೋಗುತ್ತೆ.

ಬೆಂಗಳೂರಿನ ಮಾತು ಆ ಮಳೆಗಾಲಕ್ಕೆ ಅಲ್ಲಿಗೇ ನಿಂತಿತು. ಅಪ್ಪ–ಅಮ್ಮ ಎಲ್ಲಿರಬೇಕು ಅನ್ನೋದನ್ನು ಒಂದು ನಾಝಲ್ ನೆಪದಲ್ಲಿ ತೀರ್ಮಾನಿಸಲು ಹೊರಟಿದ್ದೆನಲ್ಲ ಅಂತ ಈಗಲೂ ನಾಚಿಕೆಯಾಗುತ್ತೆ.

ಆಗಸ್ಟಿನಲ್ಲಿ ಮತ್ತೆ ಫೋನ್ ಬಂತು. ‘ಕ್ಲಚ್ ಒತ್ತಿದಾಗ ಮಾತ್ರ ಕಿರ್ ಅಂತಿದೆ ನೋಡು.’

‘ರಿಲೀಸ್ ಬೇರಿಂಗ್ ಇರ್ಬೇಕು ಅಪ್ಪ.’

‘ಗೊತ್ತು ಮಾರಾಯ. ನಿನಗೆ ನೆನಪಿದ್ಯಾ ಅಂತ ಕೇಳ್ದೆ.’