ಟೇಲರ್ ಬರೆದಿಟ್ಟ ಸುರಪುರ

ಕೋಸಗಿಯಿಂದ ನಾರಾಯಣಪೇಟೆ, ಯಾದಗಿರಿ ಹಾಯ್ದು ಸುರಪುರಕ್ಕೆ ಹೋಗುವುದೆಂದರೆ ಇವತ್ತು ರಾಜ್ಯದ ಗಡಿ ದಾಟುವ ಮಾತು. ಹತ್ತೊಂಬತ್ತನೇ ಶತಮಾನದಲ್ಲಿ ಹಾಗಿರಲಿಲ್ಲ. ಕೋಸಗಿ ನಿಜಾಮರ ದಿವಾನ ಸಾಲಾರ್ ಜಂಗ್ ಮನೆತನದ ಜಹಗೀರು; ಸುರಪುರ ಅದೇ ನಿಜಾಮರಿಗೆ ಕಪ್ಪ ಒಪ್ಪಿಸುತ್ತಿದ್ದ ಬೇಡ ನಾಯಕರ ಸಂಸ್ಥಾನ. ಈ ಸೀಮೆಯನ್ನು ಒಳಗೇ ಇದ್ದು ಕಂಡು ಬರೆದಿಟ್ಟವನು ನಿಜಾಮರ ಪಡೆಯ ಒಬ್ಬ ಸೈನಿಕ, ಫಿಲಿಪ್ ಮೆಡೋಸ್ ಟೇಲರ್.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗಲೇ ಬೊಂಬಾಯಿಯ ವ್ಯಾಪಾರಿಯೊಬ್ಬನ ಬಳಿಗೆ ಬಂದ. ಅಲ್ಲಿ ಕೈಗೆ ಹತ್ತುವಂಥದ್ದೇನೂ ಇರಲಿಲ್ಲ. 1824ರಲ್ಲಿ ನಿಜಾಮರ ಸೈನ್ಯ ಸೇರಿದ. ಕಂಪನಿ ಸರ್ಕಾರದ ನೌಕರನಲ್ಲದ ಕಾರಣ ಬೆನ್ನಿಗೆ ಯಾರೂ ಇಲ್ಲ. ದೇಶಭಾಷೆ, ಮೋಜಣಿ, ಕಾನೂನು ಎಲ್ಲವನ್ನೂ ತಾನೇ ದಕ್ಕಿಸಿಕೊಂಡ. ಬರವಣಿಗೆಯೂ ಹಾಗೆಯೇ ಬಂತು. 1839ರಲ್ಲಿ ಠಕ್ಕರ ಕುರಿತ ಕಾದಂಬರಿ ಅವನಿಗೆ ಹೆಸರು ತಂದಿತು. 'ಟೈಮ್ಸ್' ಪತ್ರಿಕೆಗೆ ಹೈದರಾಬಾದಿನ ವರದಿಗಳನ್ನೂ ಕಳಿಸುತ್ತಿದ್ದ.

ಸುರಪುರದಲ್ಲಿ ಅವನು ನಿಂತದ್ದು 1841ರಿಂದ 1853ರವರೆಗೆ. ಪಟ್ಟಕ್ಕೆ ಬರಬೇಕಾದ ವೆಂಕಟಪ್ಪ ನಾಯಕ ಆಗಿನ್ನೂ ಮಗು. ತಾಯಿ ಈಶ್ವರಮ್ಮ, ಅರಮನೆಯ ಒಳಜಗಳ, ಬಾಕಿ ಬಿದ್ದ ಕಪ್ಪ ಇವುಗಳ ನಡುವೆ ಟೇಲರನ ಆಡಳಿತ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ 'ಟೇಲರ್ ಮಂಜಿಲ್' ಈಗಲೂ ಇದೆ. ರಾಜನಕೋಳೂರಿನ ಕಲ್ಗೋರಿಗಳನ್ನು ಅಳೆದು ಚಿತ್ರ ಬಿಡಿಸಿದ; ಬೃಹತ್ ಶಿಲಾ ಸಂಸ್ಕೃತಿಯ ಗೋರಿಗಳ ಅಧ್ಯಯನದಲ್ಲಿ ಆ ಕೆಲಸಕ್ಕೆ ಇಂದಿಗೂ ಬೆಲೆಯಿದೆ ಅಂದರೆ, ಅವನ ಕಣ್ಣು ಎಂಥದಿತ್ತೆಂದು ಊಹಿಸಬಹುದು.

ಇಷ್ಟೆಲ್ಲ ಆತ್ಮಕಥೆಯಾದದ್ದು ಬಹಳ ತಡವಾಗಿ. 1860ರಲ್ಲಿ ಆರೋಗ್ಯ ಕೆಟ್ಟು ಊರಿಗೆ ಮರಳಿ, ಡಬ್ಲಿನ್‌ನಲ್ಲಿ ನೆಲೆಸಿ, ಕಾದಂಬರಿಗಳನ್ನು ಬರೆದು, ಬಾಳಿನ ಕೊನೆಗೆ ತನ್ನ ಕತೆಗೆ ಕೈಹಾಕಿದ. ಅಷ್ಟರಲ್ಲಿ ಕಣ್ಣು ಮಂಜಾಯಿತು. 1875ರ ಚಳಿಗಾಲ ಕಳೆಯಲು ಮತ್ತೆ ಇಲ್ಲಿಗೆ ಬಂದವನಿಗೆ ಕಾಡುಜ್ವರ ಅಂಟಿತು. ಮರಳುವ ದಾರಿಯಲ್ಲಿ, 1876ರ ಮೇ ತಿಂಗಳಲ್ಲಿ, ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಪುಸ್ತಕವನ್ನು 1877ರಲ್ಲಿ ಹೊರತಂದವಳು ಮಗಳು ಆಲಿಸ್. ಮುನ್ನುಡಿ ಸಂಬಂಧಿ ಹೆನ್ರಿ ರೀವ್‌ನದು.

ಅದರಲ್ಲಿ ಮನಸ್ಸು ಕಲಕುವ ಭಾಗ 1858ರದು. ಬಂಡೆದ್ದು ಸೋತ ವೆಂಕಟಪ್ಪ ಹೈದರಾಬಾದಿನಲ್ಲಿ ಸೆರೆಯಾದ; ನೋಡಲು ಹೋದ ಟೇಲರನನ್ನು 'ಅಪ್ಪಾ' ಎಂದು ಕರೆದ. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಚೆಂಗಲ್ಪಟ್ಟಿಗೆ ಒಯ್ಯುವಾಗ ಜೊತೆಗಿದ್ದ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅವನು ಬಲಿಯಾದ. ಇಪ್ಪತ್ನಾಲ್ಕನೇ ವಯಸ್ಸಿಗೆ ಸಾವು ಎಂದು ಜಾತಕ ಹೇಳಿತ್ತಂತೆ. ಅದನ್ನೂ ಟೇಲರ್ ದಾಖಲಿಸುತ್ತಾನೆ. ಆ ಸಾವಿನ ಹೊತ್ತಿಗೆ ಅವನು ಅಲ್ಲಿರಲಿಲ್ಲ, ಬರೆದದ್ದು ಕೇಳಿದ ಮಾತು. ತಂದೆಯ ಸ್ಥಾನದಲ್ಲಿದ್ದೆ ಎನ್ನುವವನ ಕತೆಯಲ್ಲಿ ಮಗನ ಕಡೆಯ ವಾದಕ್ಕೆ ಜಾಗ ಕಡಿಮೆ ಎಂಬುದು ನನ್ನ ತಕರಾರು. ಈಶ್ವರಮ್ಮನ ದನಿಯೂ ಅವನ ಬಾಯಿಂದಲೇ ಬರಬೇಕು.

ಹಾಗಾಗಿ ಆತ್ಮಕಥೆಯೊಂದನ್ನೇ ಓದಿದರೆ ಸಾಲದು. ಟೇಲರ್ ರೀವ್‌ಗೆ ಬರೆದ ಪತ್ರಗಳನ್ನು ಪ್ಯಾಟ್ರಿಕ್ ಕ್ಯಾಡೆಲ್ 1947ರಲ್ಲಿ ಸಂಪಾದಿಸಿದ. ಆತ್ಮಕಥೆ ಮುಪ್ಪಿನಲ್ಲಿ ತಿರುಗಿ ನೋಡಿ ಬರೆದದ್ದು; ಪತ್ರ ಬರೆಯುವಾಗ ಮುಂದೇನಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ.