ಲಾಯದಿಂದ ಲಸಿಕೆಯವರೆಗೆ

ಮಳೆಗಾಲ ಕಾಲಿಟ್ಟಿತೆಂದರೆ ಪುಣೆಯ ದಂಡುಪ್ರದೇಶದ ರೇಸ್‌ಕೋರ್ಸಿಗೆ ಕಳೆ ಬರುತ್ತದೆ. ಚಳಿಗಾಲವನ್ನೆಲ್ಲ ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಓಡಿದ ಕುದುರೆಗಳು ಆ ವೇಳೆಗೆ ಘಟ್ಟವೇರಿ ಇಲ್ಲಿಗೆ ಬಂದಿರುತ್ತವೆ. ನಸುಕಿನಲ್ಲೇ ತರಬೇತುದಾರನು ಗಡಿಯಾರ ಹಿಡಿದು ನಿಂತು ಒಂದೊಂದು ಕುದುರೆಯ ಹೆಜ್ಜೆಯನ್ನೂ ಉಸಿರನ್ನೂ ಪರೀಕ್ಷಿಸುತ್ತಾನೆ. ಸೆಪ್ಟೆಂಬರ್ ತಿಂಗಳಿನಲ್ಲಿ ಇಲ್ಲಿ ನಡೆಯುವ ಇಂಡಿಯನ್ ಸೇಂಟ್ ಲೆಜರ್ ಪಂದ್ಯದ ದೂರ 2800 ಮೀಟರು. ಅದನ್ನು ಗೆದ್ದ ಕುದುರೆಯ ಹೆಸರು ಮರುದಿನದ ಪತ್ರಿಕೆಗಳಲ್ಲಿ ಮೆರೆಯುತ್ತದೆ. ಆದರೆ ಗೆಲ್ಲದ ಕುದುರೆಗಳ, ಓಟದ ವಯಸ್ಸು ಮೀರಿದ ಕುದುರೆಗಳ ಗತಿಯೇನು?

ಇದು ಬರಿಯ ಕನಿಕರದ ಪ್ರಶ್ನೆಯಲ್ಲ, ಲೆಕ್ಕಾಚಾರದ ಪ್ರಶ್ನೆಯೂ ಹೌದು. ರೇಸಿನ ಕುದುರೆ ಎರಡನೆಯ ವಯಸ್ಸಿಗೆ ಕಣಕ್ಕಿಳಿಯುತ್ತದೆ. ಕೆಲವೇ ವರ್ಷಗಳಲ್ಲಿ ಅದರ ಓಟ ಮುಗಿಯುತ್ತದೆ. ಆಯುಸ್ಸಾದರೋ ಇಪ್ಪತ್ತೈದು ವರ್ಷಗಳಷ್ಟು. ಸಂಪಾದನೆ ನಿಂತ ಮೇಲೂ ಮೇವು, ಲಾಯ, ಆಳುಕಾಳುಗಳ ಖರ್ಚು ನಿಲ್ಲುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ನಮ್ಮ ಕುಣಿಗಲ್ಲಿನಲ್ಲಿ ಬೆಳೆದ ಕುದುರೆಗಳಿಗೆ ದಂಡಿನ ಚಾಕರಿಯಿತ್ತು. ರೇಸಿನ ಕುದುರೆಗೆ ಅಂತಹ ಎರಡನೆಯ ಉದ್ಯೋಗವೊಂದನ್ನು ದೊಡ್ಡ ಪ್ರಮಾಣದಲ್ಲಿ ಒದಗಿಸಿದ್ದು ಪುಣೆಯ ಪಾರ್ಸಿ ಮನೆತನವೊಂದು.

ಸೋಲಿ ಪೂನಾವಾಲಾ ಅವರ ಕುಟುಂಬ 1946ರಲ್ಲಿ ಪುಣೆಯ ಸಮೀಪ ಕುದುರೆ ಸಾಕಣೆಯ ಕೇಂದ್ರವನ್ನು ಆರಂಭಿಸಿತು. ಅವರ ಮಗ ಸೈರಸ್ ಜನಿಸಿದ್ದು 1941ರಲ್ಲಿ. ಪುಣೆಯ ಬೃಹನ್ಮಹಾರಾಷ್ಟ್ರ ವಾಣಿಜ್ಯ ಮಹಾವಿದ್ಯಾಲಯದಲ್ಲಿ ಓದಿದ ಈ ತರುಣನಿಗೆ, ಸಮಾಜವಾದದ ಹಾದಿ ಹಿಡಿದ ದೇಶದಲ್ಲಿ ರೇಸಿಗೆ ಬಹುಕಾಲ ಭವಿಷ್ಯವಿರಲಾರದೆಂದು ತೋರಿತು. ಮೊದಲು ಕಾರು ತಯಾರಿಸುವ ಹಂಬಲ ಹುಟ್ಟಿತು. ಗೆಳೆಯನೊಡನೆ ಮಾದರಿಯೊಂದನ್ನು ಕಟ್ಟಿಯೂ ನೋಡಿದರು. ಅದಕ್ಕೆ ಬೇಕಾದ ಬಂಡವಾಳ ತಮ್ಮ ಶಕ್ತಿಗೆ ಮೀರಿದ್ದೆಂದು ಅರಿತು ಕೈಬಿಟ್ಟರು.

ಆ ಕಾಲದಲ್ಲಿ ವಯಸ್ಸಾದ ಕುದುರೆಗಳನ್ನು ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಕೊಡುವುದು ವಾಡಿಕೆಯಾಗಿತ್ತು. ಅಲ್ಲಿ ಅವುಗಳ ರಕ್ತದಿಂದ ಔಷಧ ತಯಾರಾಗುತ್ತಿತ್ತು. ಕುದುರೆಗಳನ್ನು ಅಲ್ಲಿಗೆ ಕಳುಹಿಸುವುದಕ್ಕಿಂತ ಆ ಔಷಧವನ್ನು ನೀವೇ ಏಕೆ ತಯಾರಿಸಬಾರದೆಂದು ಪಶುವೈದ್ಯರೊಬ್ಬರು ಸಲಹೆಯಿತ್ತರು. ಆ ಮಾತು ನಾಟಿತು. ಕುದುರೆಗಳನ್ನು ಮಾರಿ ಬಂದ ಹಣ ಬಂಡವಾಳವಾಯಿತು. 1966ರಲ್ಲಿ ಹಡಪ್ಸರದಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಹುಟ್ಟಿತು. ಮರುವರ್ಷವೇ ಧನುರ್ವಾಯುವಿನ ಪ್ರತಿವಿಷ ಹೊರಬಂದಿತು.

ಕುದುರೆಯಿಂದ ಔಷಧ ದೊರೆಯುವ ಬಗೆ ಕುತೂಹಲಕರವಾದುದು. 1890ರಲ್ಲಿ ಬರ್ಲಿನ್ ನಗರದಲ್ಲಿ ಬೇರಿಂಗ್ ಮತ್ತು ಕಿತಸಾಟೊ ಎಂಬ ವಿಜ್ಞಾನಿಗಳು ಇದರ ಮೂಲತತ್ತ್ವವನ್ನು ಕಂಡುಹಿಡಿದರು. ಪ್ರಾಣಿಯ ದೇಹಕ್ಕೆ ಹಾನಿಯಾಗದಷ್ಟು ಅಲ್ಪ ಪ್ರಮಾಣದಲ್ಲಿ ವಿಷವನ್ನು ಸೇರಿಸಿ ಕ್ರಮೇಣ ಹೆಚ್ಚಿಸುತ್ತ ಹೋದರೆ, ಅದರ ರಕ್ತದಲ್ಲಿ ಆ ವಿಷವನ್ನು ಅಡಗಿಸುವ ಪ್ರತಿಕಾಯಗಳು ಬೆಳೆಯುತ್ತವೆ. ಕುದುರೆಯದು ದೊಡ್ಡ ದೇಹ, ಹೇರಳ ರಕ್ತ. ಅದರಿಂದ ಗೊತ್ತಾದ ಪ್ರಮಾಣದಲ್ಲಿ ರಕ್ತ ತೆಗೆದು, ತಿಳಿಭಾಗವನ್ನು ಬೇರ್ಪಡಿಸಿ, ಶುದ್ಧಗೊಳಿಸಿ ಶೀಶೆಗೆ ತುಂಬುತ್ತಾರೆ. ಕೆಂಪುಕಣಗಳನ್ನು ಕುದುರೆಗೇ ಮರಳಿಸುವ ಪದ್ಧತಿಯೂ ಉಂಟು.

ಸೀರಂ ಬೇರೆ, ಲಸಿಕೆ ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಸೀರಂ ಎಂಬುದು ಕಷ್ಟಕಾಲಕ್ಕೆ ಒದಗಿದ ಕೈಗಡದ ಹಣವಿದ್ದಂತೆ. ಕೂಡಲೇ ಉಪಯೋಗಕ್ಕೆ ಬರುತ್ತದೆ, ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಲಸಿಕೆಯಾದರೋ ದೇಹ ತಾನೇ ದುಡಿದು ಕೂಡಿಡುವ ಠೇವಣಿ. ಪುಣೆಯ ಸಂಸ್ಥೆ ಕೈಗಡದಿಂದ ಠೇವಣಿಯತ್ತ ಸಾಗಿತು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಜಂಟಿ ಲಸಿಕೆ 1974ರಲ್ಲಿಯೂ, ದಡಾರದ ಲಸಿಕೆ 1989ರಲ್ಲಿಯೂ ಬಂದವು. ಆಫ್ರಿಕದ ಮೆನಿಂಜೈಟಿಸ್ ಪಿಡುಗಿಗಾಗಿ ತಯಾರಿಸಿದ ಲಸಿಕೆಯನ್ನು ಅರ್ಧ ಡಾಲರಿಗಿಂತ ಕಡಿಮೆ ಬೆಲೆಗೆ ಒದಗಿಸಿತು. 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊ ದೇಶದಲ್ಲಿ ಅದರ ಬಳಕೆ ಆರಂಭವಾಯಿತು. 2021ರ ಜನವರಿಯಲ್ಲಿ ಕೋವಿಶೀಲ್ಡ್ ಪೆಟ್ಟಿಗೆಗಳನ್ನು ಹೊತ್ತ ಲಾರಿಗಳು ಹೊರಟದ್ದೂ ಇಲ್ಲಿಂದಲೇ. ಅಗ್ಗದ ಬೆಲೆ, ಅಪಾರ ಪ್ರಮಾಣ ಎಂಬ ಎರಡು ಸೂತ್ರಗಳಿಂದ, ಡೋಸುಗಳ ಎಣಿಕೆಯಲ್ಲಿ ಜಗತ್ತಿನ ಅತಿ ದೊಡ್ಡ ಲಸಿಕೆ ತಯಾರಕನೆಂಬ ಹೆಸರು ಪುಣೆಗೆ ಬಂದಿತು. ಸೈರಸ್ ಪೂನಾವಾಲಾ ಅವರಿಗೆ 2005ರಲ್ಲಿ ಪದ್ಮಶ್ರೀ, 2022ರಲ್ಲಿ ಪದ್ಮಭೂಷಣ ಸಂದವು. ಅವರ ಮನೆತನವು ರೇಸನ್ನೂ ಬಿಡಲಿಲ್ಲ.

ಕುದುರೆಯ ಈ ಸೇವೆ ನೋವಿಲ್ಲದ್ದೆಂದು ಹೇಳಲಾಗದು. ಚುಚ್ಚುಮದ್ದು, ರಕ್ತ ತೆಗೆಯುವಿಕೆಗಳನ್ನು ಅದು ಮೇಲಿಂದ ಮೇಲೆ ಸಹಿಸಬೇಕು. ಅದರ ಆರೈಕೆಯಲ್ಲಿ ಲೋಪವಾಗಬಾರದೆಂಬ ಪ್ರಾಣಿದಯಾಪರರ ಆಗ್ರಹ ನ್ಯಾಯವಾದುದೇ. ಕೆಲವು ರೋಗಗಳಿಗೆ ಈಗ ಕುದುರೆಯ ನೆರವಿಲ್ಲದ ಔಷಧಗಳು ಬಂದಿವೆ. ಹಾವಿನ ವಿಷಕ್ಕೆ ಮಾತ್ರ ಇಂದಿಗೂ ನಮ್ಮ ದೇಶದಲ್ಲಿ ಕುದುರೆಯೇ ಗತಿ. 2000ದಿಂದ 2019ರವರೆಗಿನ ಅವಧಿಯ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸತ್ತಿದ್ದಾರೆ; ಬಹುಪಾಲು ಹಳ್ಳಿಗರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಸಲ್ಲುವ ಔಷಧವೊಂದಿದ್ದರೂ ಅದು ಸಕಾಲದಲ್ಲಿ ದೇಹವನ್ನು ಸೇರಬೇಕು.

ಬೇಸಗೆಯ ರಜೆಗೆ ಊರಿಗೆ ತೆರಳುವ ಕುಟುಂಬಗಳು ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಲೇಸು. ಹಾವು ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಹುರಿ ಕಟ್ಟಬಾರದು. ಮೂಳೆ ಮುರಿದಾಗ ಮಾಡುವಂತೆ ಆ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಇರಿಸಿ, ರೋಗಿಗೆ ಧೈರ್ಯ ಹೇಳಿ, ಮಂತ್ರವಾದಿಯ ಮನೆಯ ಕಡೆ ತಿರುಗದೆ ನೇರವಾಗಿ ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಆ ಜೀವವನ್ನು ಉಳಿಸುವುದು ಯಾವುದೋ ಲಾಯದಲ್ಲಿ ನಿಂತ, ಯಾರೂ ಹೆಸರು ಕೇಳದ ಒಂದು ಕುದುರೆಯ ರಕ್ತ.